ಯಾವೂರು ನಿಮ್ದು? ಮೈಯೊಳಗಿನ ಕಾವಲು ಸೆಲ್‌ಗಳ ಹುಟ್ಟೂರಿನ ಕತೆ

ಹೋದ ಚಳಿಗಾಲದಾಗ ನನ್ನ ತಂಗಿ ಮೊದಲ್ನೇ ಸ್ಕ್ಯಾನಿಂಗ್ ಮಾಡಿಸ್ಕೊಂಡು ಜಗತ್ ಸರ್ಕಲ್ ಕಡಿಂದ ಸೀದಾ ನಮ್ಮ ಮನಿಗಿ ಬಂದ್ಲು. ಚಪ್ಪಲಿ ಬಿಡೋದ್ರೊಳಗೇ ರಿಪೋರ್ಟ್ ನನ್ನ ಕೈಗಿ ಕೊಟ್ಟು ಒಂದು ಸಾಲಿನ ಮ್ಯಾಲ ಬೆರಳಿಟ್ಲು. ಯೋಕ್ ಸ್ಯಾಕ್ ಕಾಣಿಸ್ತದ ಅಂತ ಬರೆದಿದ್ರು. "ಅಣ್ಣಾ, ಯೋಕ್ ಅಂದ್ರ ತತ್ತಿ ಒಳಗಿನ ಹಳದಿ ಅಲ್ಲೇನು? ನನ್ನ ಹೊಟ್ಟ್ಯಾಗ ಅದೇನ್ ಮಾಡ್ಲಿಕ್ಕತ್ತದ? ಏನರ ಪ್ರಾಬ್ಲಮ್ ಅದೇನು?" ಅಂದ್ಲು. ಪ್ರಾಬ್ಲಮ್ ಏನಿಲ್ಲ ತಂಗಿ, ಅದು ಕಾಣಿಸಿದ್ರೇ ಛಲೋ ಅಂತ ಹೇಳಿ ಕೂಡಿಸ್ದೆ, ಚಹಾ ಬರೋತನಕ ಹೇಳ್ತಾ ಹೋದೆ, ಚಹಾ ಮುಗೀತು, ಆಕಿ ಪ್ರಶ್ನೆ ಮುಗೀಲಿಲ್ಲ. ನಾ ಪಿಯುಸಿ ಹುಡುಗ್ರಿಗೆ ಬಯಾಲಜಿ ಹೇಳಾಂವ, ವರ್ಷಾ ಕ್ಲಾಸಿನಾಗ ಒಂದು ವಾಕ್ಯ ಹೇಳ್ತಿರ್ತೀನಿ: ರಕ್ತದ ಸೆಲ್‌ಗಳು, ರೋಗದ ಜೊತಿ ಬಡದಾಡೋ ಸೆಲ್‌ಗಳು, ಎಲ್ಲಾ ಎಲುಬಿನ ಮಜ್ಜೆಯೊಳಗ ಹುಟ್ತಾವ ಅಂತ. ದೊಡ್ಡವರ ಮೈಗಿ ಈ ಮಾತು ಬಹುತೇಕ ಖರೆ. ಆದ್ರ ತಂಗಿ ಹೊಟ್ಟ್ಯಾಗಿನ ಕೂಸಿಗಿ ಆವತ್ತು ಎಲುಬೇ ಇರ್ಲಿಲ್ಲ. ಎಲುಬೇ ಇಲ್ದ ಕಾಲಕ್ಕ ಈ ಸೆಲ್‌ಗಳು ಎಲ್ಲಿ ಹುಟ್ತಾವ ಅನ್ನೋದೇ ಇಲ್ಲಿ ಹೇಳ್ಬೇಕಂತ ಕೂತದ್ದು.

ನಮ್ಮ ಕಲಬುರಗಿ ಕಡಿ ಹೊಸಬ್ರು ಸಿಕ್ರ ಹೆಸರು ಕೇಳೋಕಿಂತ ಮೊದ್ಲ "ಯಾವೂರ್ರಿ ನಿಮ್ದು" ಅಂತ ಕೇಳ್ತೀವಿ. ಸೆಲ್‌ಗಳಿಗೂ ಇದೇ ಪ್ರಶ್ನೆ ಕೇಳಬೇಕು, ಯಾಕಂದ್ರ ನಿಮ್ಮ ಮೈಯೊಳಗಿನ ಕಾವಲು ಸೆಲ್‌ಗಳು ಒಂದೇ ಊರಿನವಲ್ಲ, ಒಂದೇ ಸಲ ಬಂದವೂ ಅಲ್ಲ. ತೊಗರಿ ರಾಶಿ ಮುಗಿದ ಮ್ಯಾಲ ಯಾದಗಿರಿ ಕಡಿಂದ, ಚಿತ್ತಾಪುರ, ಆಳಂದ ಕಡಿಂದ ಮಂದಿ ಗುಳೆ ಹೋಗೋದು ನೋಡ್ತೀವಲ್ಲ, ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಒಂದು ತಂಡ ಮೊದ್ಲು ಹೋಗಿ ಶೆಡ್ ಹಾಕ್ತದ, ಹಿಂದಿಂದ ಇನ್ನೊಂದು ತಂಡ ಬಂದು ಕೂಡ್ತದ, ಕೆಲವ್ರು ಮಳಿಗಾಲಕ್ಕ ಹೊಳ್ಳಿ ಬರ್ತಾರ, ಕೆಲವ್ರು ಅಲ್ಲೇ ಮನಿ ಮಾಡಿ ಉಳಿದುಬಿಡ್ತಾರ, ಅವರ ಮಕ್ಕಳಿಗಿ ಹಳೇ ಊರು ಹೆಸರು ಮಾತ್ರ ಗೊತ್ತು. ಭ್ರೂಣದೊಳಗ ಆಗೋದೂ ಹೆಚ್ಚುಕಮ್ಮಿ ಹಿಂಗೇ, ಮೂರು ಸಲ ಗುಳೆ ಏಳ್ತದ.

ಮೊದಲ್ನೇ ಗುಳೆ ಹೊರಡೋ ಜಾಗ ನೋಡ್ಬೇಕಂದ್ರ ಲ್ಯಾಬ್ ಬೇಕಾಗಿಲ್ಲ. ನಮ್ಮೂರಾಗ ಅವ್ವ ಜವಾರಿ ಕೋಳಿ ಸಾಕ್ತಾಳ, ಕೋಳಿ ಕಾವಿಗೆ ಕೂತು ನಾಲ್ಕೈದು ದಿನ ಆದ ಮ್ಯಾಲ ಸಂಜಿ ಕತ್ತಲ್ದಾಗ ಒಂದೊಂದೇ ತತ್ತಿ ತಗದು ಬೆಳಕಿಗಿ ಹಿಡಿದು ನೋಡಿ, ಇದು ಮರಿ ಆಗ್ತದ, ಇದು ಗೊಡ್ಡು, ಅಂತ ಬ್ಯಾರೆ ಮಾಡ್ತಾಳ. ಮೊದ್ಲು ಕಂದೀಲು ಇತ್ತು, ಈಗ ಮೊಬೈಲ್ ಟಾರ್ಚ್. ಟಾರ್ಚ್ ಮ್ಯಾಲ ತತ್ತಿ ಇಟ್ಟು ಸುತ್ತ ಬೆರಳಿಂದ ಬೆಳಕು ಮುಚ್ಚಿದ್ರ ಒಳಗೆಲ್ಲ ಕಿತ್ತಳೆ ಬಣ್ಣ ಆಗ್ತದ, ನಡುವ ಒಂದು ಕಪ್ಪು ಚುಕ್ಕಿ, ಅದರಿಂದ ಎಲ್ಲಾ ಕಡಿ ಕೆಂಪು ಎಳಿ, ಜೇಡ ಕಾಲು ಚಾಚಿ ಕೂತಂಗ. ನಿಮ್ಮ ಮನಿ ಕಡಿ ಕಾವಿಗೆ ಕೂತ ಕೋಳಿ ಇದ್ರ ಒಂದ್ಸಲ ನೋಡ್ರಿ, ತತ್ತಿ ಭಾಳ ಹೊತ್ತು ಆರಿಸಬ್ಯಾಡ್ರಿ ಅಷ್ಟೇ. ಮರಿ ಇನ್ನೂ ಚುಕ್ಕಿಯಷ್ಟು ಅದ, ಆದ್ರ ರಕ್ತದ ಎಳಿ ಹಳದಿ ಮ್ಯಾಲೆಲ್ಲ ಹಬ್ಬ್ಯಾವ. ಅಂದ್ರ ರಕ್ತ ಮೊದ್ಲು ಹುಟ್ಟಿದ್ದು ಮರಿ ಮೈಯೊಳಗ ಅಲ್ಲ, ಮೈಯಿಂದ ಹೊರಗ, ಹಳದಿ ಸುತ್ತಿದ ಚೀಲದ ಗ್ವಾಡಿಯೊಳಗ. ಅಲ್ಲಿ ಸಣ್ಣ ಸಣ್ಣ ಗುಂಪಾಗಿ ಸೆಲ್‌ಗಳು ಕೂಡ್ತಾವ, ಒಳಗಿನವು ರಕ್ತದ ಸೆಲ್ ಆಗ್ತಾವ, ಸುತ್ತಿನವು ರಕ್ತನಾಳದ ಗ್ವಾಡಿ ಆಗ್ತಾವ. ವಿಜ್ಞಾನಿಗಳು ಇವಕ್ಕ ರಕ್ತದ ದ್ವೀಪ ಅಂತ ಹೆಸರಿಟ್ಟಾರ, ಹೆಸರು ತಕ್ಕಂಗ ಅದ.

ಮನಷ್ಯಾರ ಭ್ರೂಣಕ್ಕೂ ಇದೇ ಚೀಲ ಅದ, ಅದೇ ಯೋಕ್ ಸ್ಯಾಕ್. ಅದರಾಗ ಹಳದಿ ಇಲ್ಲ, ತಾಯಿಯಿಂದ ಊಟ ಬರೋದಿದ್ದಾಗ ಹಳದಿ ಯಾಕ ಬೇಕು, ಆದ್ರ ಚೀಲ ಉಳದದ, ಅದರ ಹಳೇ ಕೆಲಸಾನೂ ಉಳದದ. ಗರ್ಭ ಕಟ್ಟಿ ಸುಮಾರು 16ರಿಂದ 18 ದಿನಕ್ಕ ಅಲ್ಲಿ ಮೊದಲ ರಕ್ತದ ಸೆಲ್‌ಗಳು ಕಾಣ್ತಾವ. ಡಾಕ್ಟರ್ ಲೆಕ್ಕ ಹಾಕೋದು ಕೊನಿ ಮುಟ್ಟಿನ ದಿನದಿಂದ, ಆ ಲೆಕ್ಕದಾಗ ಇದು ಮುಟ್ಟು ತಪ್ಪಿ ಎರಡು ನಾಲ್ಕು ದಿನ ಆದಂಗ ಅಷ್ಟೇ. ಅಂದ್ರ ತಾಯಿ ಇನ್ನೂ ಮೆಡಿಕಲ್ ಶಾಪಿಗಿ ಹೋಗಿ ಕಿಟ್ ತರ್ಲೋ ಬ್ಯಾಡೋ ಅಂತ ವಿಚಾರ ಮಾಡೋ ಹೊತ್ತಿಗಿ ಕೂಸಿನ ಮೊದಲ ಕಾವಲು ಸೆಲ್‌ಗಳು ಹುಟ್ಟೇಬಿಟ್ಟಾವ. ಎದಿ ಬಡಿತ ಶುರು ಆಗೋದು 21, 22ನೇ ದಿನಕ್ಕ. ಹೃದಯಕ್ಕಿಂತ ಮೊದಲು ರಕ್ತ ತಯಾರಿ.

ಈ ಮೊದಲ ತಂಡದಾಗ ಮೂರು ಥರದವು ಇರ್ತಾವ. ಉಸಿರು ಗಾಳಿ ಹೊರೋ ಕೆಂಪು ಸೆಲ್ ಒಂದು, ಇವು ನಮ್ಮ ಈಗಿನ ಕೆಂಪು ಸೆಲ್ ಥರ ಅಲ್ಲ, ದಪ್ಪ, ಹುಟ್ಟುವಾಗ ನಡುವ ಬೀಜಾನೂ, ಅಂದ್ರ ನ್ಯೂಕ್ಲಿಯಸ್ಸೂ, ಇರ್ತದ. ಗಾಯ ಆದ್ರ ರಕ್ತ ಹೆಪ್ಪು ಕಟ್ಟಿಸೋ ಕಣಗಳನ್ನ ಮಾಡೋ ಸೆಲ್ ಎರಡನೇದು. ಮೂರನೇದು ಮ್ಯಾಕ್ರೋಫೇಜ್, ಅಂದ್ರ ದೊಡ್ಡ ನುಂಗಾಂವ. ರೋಗಾಣು ಸಿಕ್ರ ನುಂಗ್ತದ, ಸತ್ತ ಸೆಲ್ ಸಿಕ್ರ ನುಂಗ್ತದ, ಕಸ ಸಿಕ್ರೂ ನುಂಗ್ತದ. ಇದು ನುಂಗೋದನ್ನ 1882ರಾಗ ಎಲೀ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ಇಟಲಿಯ ಮೆಸ್ಸಿನಾ ಊರಾಗ ನಕ್ಷತ್ರ ಮೀನಿನ ಮರಿಗೆ ಮುಳ್ಳು ಚುಚ್ಚಿ ಕಂಡಿದ್ರು, ಮುಳ್ಳಿನ ಸುತ್ತ ಸೆಲ್‌ಗಳು ಮುತ್ತಿಕೊಂಡಿದ್ವು. ಮುಂದ 1908ರಾಗ ಅವರಿಗಿ ನೊಬೆಲ್ ಬಂತು.

ತಂಗಿ ಇಲ್ಲಿ ತಡದು ಕೇಳಿದ್ಲು, ಹೊಟ್ಟ್ಯಾಗ ಕೂಸಿಗಿ ರೋಗ ಎಲ್ಲಿಂದ ಬರ್ತದ, ಅಷ್ಟು ಲಗೂನ ಕಾವಲು ಯಾಕ ಬೇಕು ಅಂತ. ಛಲೋ ಪ್ರಶ್ನೆ. ರೋಗದ ಸಲುವಾಗಿ ಅಲ್ಲ, ಮನಿ ಕಟ್ಟೋ ಸಲುವಾಗಿ ಬೇಕು. ಭ್ರೂಣ ಬೆಳೆಯೋದಂದ್ರ ಬರೇ ಸೆಲ್ ಕೂಡಿಸೋದಲ್ಲ, ತಗಿಯೋದೂ ಅಷ್ಟೇ ಅದ. ಕೈ ಮೊದ್ಲು ಹುಟ್ಟೋದು ಸೌಟಿನಂಗ, ಬೆರಳಿನ ನಡುವಿನ ಸೆಲ್‌ಗಳು ಸತ್ತು ಬೆರಳು ಬಿಡಿಬಿಡಿ ಆಗ್ತಾವ, ಸತ್ತದ್ದನ್ನ ನುಂಗಿ ಸ್ವಚ್ಛ ಮಾಡೋದು ಈ ಮ್ಯಾಕ್ರೋಫೇಜ್‌ಗಳು. ಮುಂದ ಲಿವರ್‌ನಾಗ ಕೆಂಪು ಸೆಲ್ ತಯಾರಾಗೋವಾಗ ಒಂದು ಮ್ಯಾಕ್ರೋಫೇಜ್ ನಡುವ ಕೂತಿರ್ತದ, ಸುತ್ತ ಎಳೇ ಕೆಂಪು ಸೆಲ್‌ಗಳು ಕೋಳಿ ಸುತ್ತ ಮರಿ ಕೂತಂಗ ಕೂತಿರ್ತಾವ, ಅವು ತಮ್ಮ ಬೀಜ ಹೊರಗ ಹಾಕಿದ್ರ ನಡುವಿಂದು ಅದನ್ನ ನುಂಗಿ ತಗೀತದ. ಕಾವಲು ಸೆಲ್ ಅನ್ನೋ ಹೆಸರು ನಾವು ರೋಗ ನೋಡಿ ಇಟ್ಟದ್ದು, ಅವು ಮೊದಲಿಂದ ಗೌಂಡಿ ಕೆಲಸದವು.

ಎರಡನೇ ಗುಳೇನೂ ಇದೇ ಚೀಲದಿಂದಲೇ ಏಳ್ತದ, ಸ್ವಲ್ಪ ದಿನ ಬಿಟ್ಟು. ಇವು ಪೂರ್ತಿ ತಯಾರಾದ ಸೆಲ್‌ಗಳಲ್ಲ, ಎಳೇವು, ಮುಂದ ಕೆಂಪು ಸೆಲ್ಲೂ ಆಗಬಲ್ಲವು, ನುಂಗೋ ಜಾತಿ ಬಿಳಿ ಸೆಲ್‌ಗಳೂ ಆಗಬಲ್ಲವು. ಇಷ್ಟೊತ್ತಿಗಿ ಎದಿ ಬಡೀಲಿಕ್ಕತ್ತಿರ್ತದ, ರಕ್ತನಾಳದ ದಾರಿ ತೆರದಿರ್ತದ, ಇವು ಆ ದಾರಿ ಹಿಡಿದು ಆಗತಾನ ಮೊಳಕಿ ಒಡದ ಲಿವರ್‌ಗೆ ಹೋಗಿ ಇಳೀತಾವ, ಅಲ್ಲಿ ಹೆಚ್ಚಾಗ್ತಾವ. ಕೂಸು ಮುಂದಿನ ಎಷ್ಟೋ ದಿನ ಬದುಕೋದು ಈ ಎರಡನೇ ತಂಡದ ದುಡಿಮಿ ಮ್ಯಾಲ.

ಆದ್ರ ಈ ಎರಡೂ ತಂಡಕ್ಕ ಒಂದು ಮಿತಿ ಅದ. ಜೀವಮಾನ ಪೂರ್ತಿ ಎಲ್ಲಾ ಥರದ ರಕ್ತದ ಸೆಲ್ ಹುಟ್ಟಿಸ್ತಾ, ತಾನೂ ಮುಗೀದಂಗ ಉಳಿಯೋ ಮೂಲ ಸೆಲ್ ಇವುಗಳಾಗ ಇಲ್ಲ. ಆ ಸೆಲ್ಲಿಗಿ ಸ್ಟೆಮ್ ಸೆಲ್ ಅಂತಾರ. ಮೊಸರಿನ ಹೆಪ್ಪು ಇದ್ದಂಗ ಅದು, ಒಂದು ಚಮಚ ತಗದಿಟ್ಟು ನಾಳಿ ಹಾಲಿಗಿ ಹಾಕಿದ್ರ ಮತ್ತ ಮೊಸರು, ಅದರಾಗಿಂದ ಒಂದು ಚಮಚ ಮತ್ತ ನಾಡದಕ್ಕ, ಹೆಪ್ಪು ಮುಗಿಯೋ ಮಾತೇ ಇಲ್ಲ. ಈ ಹೆಪ್ಪು ಎಲ್ಲಿಂದ ಬಂತು ಅನ್ನೋದಕ್ಕ ಭಾಳ ವರ್ಷ ಜಗಳ ನಡೀತು. ಯೋಕ್ ಸ್ಯಾಕ್‌ನಾಗೇ ಹುಟ್ಟಿ ಲಿವರ್‌ಗೆ ಬಂದು ಮಜ್ಜೆಗಿ ಹೋಗ್ತದ ಅಂತ 1970ರ ಸುಮಾರಿಗಿ ಎಲ್ಲಾರೂ ನಂಬಿದ್ರು, ನೋಡಿದ್ರ ಹಂಗೇ ಅನಿಸ್ತದ ಕೂಡ.

ಇದನ್ನ ಬಿಡಿಸಿದ್ದು ಮತ್ತ ತತ್ತೀನೇ. ಫ್ರಾನ್ಸಿನಾಗ ನಿಕೋಲ್ ಲ ದುವಾರೆಂ ಅನ್ನೋ ವಿಜ್ಞಾನಿ ಒಂದು ಉಪಾಯ ಕಂಡಿದ್ರು. ಗೌಜಿನ ಜಾತಿಯ ಕ್ವೇಲ್ ಹಕ್ಕಿ ಸೆಲ್ಲಿನ ಬೀಜ ಮೈಕ್ರೋಸ್ಕೋಪಿನಾಗ ಕೋಳಿ ಸೆಲ್ಲಿನ ಬೀಜಕ್ಕಿಂತ ಬ್ಯಾರೆ ಕಾಣ್ತದ, ಹಿಂಗಾಗಿ ಕ್ವೇಲ್ ಸೆಲ್‌ಗಳನ್ನ ಕೋಳಿ ಭ್ರೂಣಕ್ಕ ಹಚ್ಚಿದ್ರ ಯಾವ ಸೆಲ್ ಯಾವೂರಿಂದು ಅಂತ ಆಮೇಲೆ ನೋಡಿ ಹೇಳಬಹುದು. ಇದೇ ಉಪಾಯ ಹಿಡಿದು ಫ್ರಾನ್ಸ್ವಾಸ್ ಡೀಟರ್ಲೆನ್ ಲಿಯೆವ್ರ ಅನ್ನೋ ವಿಜ್ಞಾನಿ ಕ್ವೇಲ್ ಭ್ರೂಣ ತಗದು ಕೋಳಿಯ ಹಳದಿ ಚೀಲದ ಮ್ಯಾಲ ಕೂಡಿಸಿದ್ರು. ಮೈ ಕ್ವೇಲಿಂದು, ಚೀಲ ಕೋಳೀದು. ಎಲ್ಲಾರೂ ನಂಬಿದ್ದು ಖರೆ ಇದ್ರ ಮುಂದಿನ ರಕ್ತ ಎಲ್ಲಾ ಕೋಳೀದು ಆಗ್ಬೇಕಿತ್ತು. ಹಂಗಾಗ್ಲಿಲ್ಲ, ಮೊದ್ಲಿಗಿ ಕೋಳಿ ರಕ್ತ ಹರೀತು, ದಿನ ಹೋದಂಗ ಕ್ವೇಲ್ ರಕ್ತ ಬಂತು, ಕಾವಲು ಸೆಲ್ ತಯಾರಾಗೋ ಥೈಮಸ್ ಗ್ರಂಥಿಯಂಥ ಅಂಗಗಳನ್ನ ತುಂಬಿದ್ದೂ ಕ್ವೇಲ್ ಸೆಲ್‌ಗಳೇ. ಇದು 1975ರ ಮಾತು. ಹೆಪ್ಪಿನಂಥ ಸ್ಟೆಮ್ ಸೆಲ್ ಹುಟ್ಟೋದು ಚೀಲದಾಗ ಅಲ್ಲ, ಭ್ರೂಣದ ಮೈಯೊಳಗ ಅಂತ ತಿಳೀತು. ಒಂದು ತತ್ತಿ ಒಡದು, ಕೂದಲೆಳಿಯಷ್ಟು ಸೂಕ್ಷ್ಮ ಕೆಲಸ ಮಾಡಿ, ಮತ್ತ ಮುಚ್ಚಿ ಕಾವಿಗಿಟ್ಟು, ಅದು ಬದುಕ್ತದೋ ಇಲ್ಲೋ ಅಂತ ಕಾದು ಕೂಡೋ ಕೆಲಸ ಇದು, ಅವರ ತಾಳ್ಮಿ ನೆನಸಿದ್ರ ಕೈ ಮುಗೀಬೇಕು ಅನಿಸ್ತದ.

ಮೈಯೊಳಗ ಅಂದ್ರ ಎಲ್ಲಿ? 1996ರಾಗ ಅಲೆಕ್ಸಾಂಡರ್ ಮೆಡ್ವಿನ್ಸ್ಕಿ ಮತ್ತ ಎಲೈನ್ ಜಿಯರ್ಜಾಕ್ ಇಲಿ ಭ್ರೂಣದಾಗ ಜಾಗ ತೋರಿಸಿದ್ರು: ಬೆನ್ನಗುಂಟ ಹೋಗೋ ದೊಡ್ಡ ರಕ್ತನಾಳ, ಮಹಾಪಧಮನಿ, ಅದರ ಸುತ್ತಿನ ಭಾಗ. ಮನಷ್ಯಾರಾಗ ಇದು ಸುಮಾರು 27ನೇ ದಿನಕ್ಕ ಶುರು ಆಗಿ 40ನೇ ದಿನದ ಹೊತ್ತಿಗಿ ಮುಗಿದು ಹೋಗ್ತದ. ಶುರು ಆಗೋವಾಗ ಭ್ರೂಣದ ಉದ್ದ ನಾಕೈದು ಮಿಲಿಮೀಟರ್, ಒಂದು ಜ್ವಾಳದ ಕಾಳಿನಷ್ಟು. ಆ ಕಾಳಿನೊಳಗಿನ ಒಂದು ನಾಳ, ಆ ನಾಳದ ಕೆಳಗಿನ ಗ್ವಾಡಿ, ಆ ಗ್ವಾಡಿಯೊಳಗಿನ ಕೆಲವೇ ಸೆಲ್. ನಿಮ್ಮ ಜೀವಮಾನದ ರಕ್ತಕ್ಕೆಲ್ಲ ಹೆಪ್ಪಿನಂಗಿರೋ ಸ್ಟೆಮ್ ಸೆಲ್ ಅಲ್ಲಿ ಹುಟ್ಟಿದ್ದು.

ಹ್ಯಾಂಗ ಹುಟ್ತದ ಅನ್ನೋದು ಇನ್ನೂ ಚಂದ ಅದ. ಬೀದರ್‌ದಾಗ ನೌಬಾದ್ ಕಡಿ ಕರೇಜ್ ನೋಡೀರಲ್ಲ, ನೆಲದೊಳಗ ಕೊರೆದ ನೀರಿನ ಸುರಂಗ, ಬಹಮನಿ ಕಾಲದ್ದು. ಆ ಸುರಂಗದ ಗ್ವಾಡಿ ಕಲ್ಲು ಒಂದು ತಾನಾಗೇ ಸಡಿಲಾಗಿ, ಉಂಡಿಯಾಗಿ, ಜಿಗಿದು ಹರಿಯೋ ನೀರಿನಾಗ ಕೂಡಿ ಹೊಂಟುಬಿಟ್ರ ಹ್ಯಾಂಗ? ಇಲ್ಲಿ ಹಂಗೇ ಆಗ್ತದ. ನಾಳದ ಒಳಗ್ವಾಡಿ ಕಟ್ಟಿದ್ದು ಚಪ್ಪಟಿ ಸೆಲ್‌ಗಳಿಂದ, ಅದರಾಗಿನ ಕೆಲವು ಮೆಲ್ಲಗ ಬಾಗ್ತಾವ, ಗುಂಡಗಾಗ್ತಾವ, ಅಕ್ಕಪಕ್ಕದವ್ರ ಕೈ ಬಿಡ್ತಾವ, ರಕ್ತದ ಹರಿವಿಗಿ ಇಳೀತಾವ. ಒಂದು ಕ್ಷಣ ಮೊದ್ಲು ಗ್ವಾಡಿ, ಈಗ ರಕ್ತ. 2010ರಾಗ ಜೀಬ್ರಾ ಮೀನಿನ ಮರಿಯಾಗ ಇದನ್ನ ಜೀವಂತ ವಿಡಿಯೋ ಮಾಡಿ ತೋರಿಸ್ಯಾರ, ಆ ಮರಿಗಳ ಮೈ ಗಾಜಿನಂಗ ಇರ್ತದ ನೋಡ್ರಿ, ಒಳಗಿಂದೆಲ್ಲ ಕಾಣ್ತದ. ಈ ಬದಲಾವಣಿಗಿ ರಂಕ್ಸ್ ಒನ್ ಅನ್ನೋ ಜೀನ್ ಬೇಕೇ ಬೇಕು, ಅದಿಲ್ದ ಇಲಿ ಭ್ರೂಣ ಹುಟ್ಟೋಕಿಂತ ಮೊದಲೇ ಸಾಯ್ತದ.

ಇನ್ನೊಂದು ಮಾತು ಕ್ಲಾಸಿನಾಗ ಹೇಳಿದಾಗೆಲ್ಲ ನನಗೇ ಮೈ ಜುಮ್ ಅಂತದ. ಎದಿ ಬಡೀದಿರೋ ಜೀಬ್ರಾ ಮೀನಿನ ಮರಿಯಾಗ ಈ ಸ್ಟೆಮ್ ಸೆಲ್ ಸರಿಯಾಗಿ ಹುಟ್ಟಂಗಿಲ್ಲ. ರಕ್ತ ಗ್ವಾಡಿಗಿ ತಿಕ್ಕೊಂಡು ಹರಿಯೋ ಒತ್ತಡಾನೇ ಗ್ವಾಡಿ ಸೆಲ್ಲಿಗಿ, ಏಳು, ಹೊರಡು ಅಂತ ಹೇಳೋ ಸೂಚನಿ. 2009ರಾಗ ಇದು ಗೊತ್ತಾಯ್ತು. ಅಂದ್ರ ಕೂಸಿನ ಎದಿ ಮೊದಮೊದಲ್ನೇ ದಿನಗಳಾಗ ಬಡಿಯೋದು ಬರೇ ರಕ್ತ ಹರಿಸೋಕಲ್ಲ, ಮುಂದಿನ ರಕ್ತ ಹುಟ್ಟಿಸೋಕೂ.

ಈ ಮೂರನೇ ತಂಡಾನೂ ಲಿವರ್‌ಗೇ ಹೋಗಿ ಇಳೀತದ. ಐದಾರು ವಾರದಿಂದ ಹಿಡಿದು ಆರನೇ ತಿಂಗಳ ಸುಮಾರಿನ ತನಕ ಲಿವರ್ರೇ ದೊಡ್ಡ ರಕ್ತದ ಕಾರ್ಖಾನಿ. ಇತ್ಲಾಗ ಎಲುಬು ತಯಾರಾಗ್ತಿರ್ತದ, 11, 12 ವಾರಕ್ಕ ಅದರೊಳಗ ರಕ್ತದ ಕೆಲಸ ಶುರು, ಏಳನೇ ತಿಂಗಳಿಂದ ಮುಂದ ಮಜ್ಜೇನೇ ಮುಖ್ಯ. ಮಟನ್ ಅಂಗಡ್ಯಾಗ ನಳ್ಳಿ ಎಲುಬು ಕೇಳಿ ತರ್ತಾರಲ್ಲ, ಒಳಗ ಪೊಳ್ಳು ಇದ್ದು ಮಜ್ಜೆ ತುಂಬಿರೋದು, ಆ ಪೊಳ್ಳು ತಾನಾಗೇ ಆಗಿದ್ದಲ್ಲ. ಎಲುಬು ತಿನ್ನೋ ಒಂದು ಜಾತಿ ಸೆಲ್ ಅದನ್ನ ಕೊರೀತದ. ಅವು ಕೊರೀದಿದ್ರ ಎಲುಬು ಕಲ್ಲಿನಂಗ ಗಟ್ಟಿಯಾಗಿ ಮಜ್ಜೆಗಿ ಜಾಗಾನೇ ಸಿಗಂಗಿಲ್ಲ, ಅಂಥ ರೋಗದಾಗ ಹುಟ್ಟೋ ಕೂಸುಗಳೂ ಅವ. ಈಗ ಆ ಕೊರೆಯೋ ಸೆಲ್ಲಿಗಿ ಯಾವೂರು ನಿಮ್ದು ಅಂತ ಕೇಳ್ರಿ. ಇಲಿಗಳ ಮ್ಯಾಲ 2019ರಾಗ ಬಂದ ಕೆಲಸ ತೋರಿಸಿದ್ದೇನಂದ್ರ ಭ್ರೂಣದಾಗ ಅವು ಬಂದದ್ದು ಯೋಕ್ ಸ್ಯಾಕ್‌ನ ಎರಡನೇ ತಂಡದಿಂದ. ಹಿಂದಿಂದ ಬರೋ ಮೂರನೇ ತಂಡ ಕಾಯಂ ಆಗಿ ಇರಬೇಕಾದ ಮನೀನ, ಮೊದ್ಲ ಹೋದವ್ರು ಕೊರೆದಿಟ್ಟಾರ.

ಮಜ್ಜೆಗಿ ಮುಟ್ಟಿದ್ರೂ ಎಲ್ಲಾ ಸೆಲ್ ಅಲ್ಲೇ ಪೂರ್ತಿ ತಯಾರಾಗಂಗಿಲ್ಲ. ಟಿ ಸೆಲ್ ಅಂತ ಅವ, ವೈರಸ್ ಹೊಕ್ಕ ಸೆಲ್ ಗುರುತು ಹಿಡಿದು ಕೊಲ್ಲೋದು, ಉಳಿದವ್ರಿಗಿ ಹುಕುಂ ಕೊಡೋದು ಇವುಗಳ ಕೆಲಸ. ಇವು ಕಲಿಯೋದು ಥೈಮಸ್‌ನಾಗ, ಎದಿ ಎಲುಬಿನ ಹಿಂದ, ಹೃದಯದ ಮ್ಯಾಲ ಕೂತ ಗ್ರಂಥಿ. ಅದು ಮೊದ್ಲು ಕುತ್ತಿಗಿ ಕಡಿ ಹುಟ್ಟಿ ಕೆಳಗ ಎದಿಗಿ ಇಳದು ಬರ್ತದ. ಎಂಟನೇ ವಾರದ ಸುಮಾರಿಗಿ ಎಳೇ ಸೆಲ್‌ಗಳು ಅಲ್ಲಿ ಭರ್ತಿ ಆಗ್ತಾವ. ಅಲ್ಲಿ ಪರೀಕ್ಷಾ ಭಾಳ ಬಿರುಸು, ನೂರಕ್ಕ 95ಕ್ಕಿಂತ ಹೆಚ್ಚು ಸೆಲ್‌ಗಳು ಅಲ್ಲೇ ಸಾಯ್ತಾವ. ತಮ್ಮವ್ರನ್ನ ಗುರುತು ಹಿಡೀಲಿಕ್ಕೆ ಬರಲ್ದವು ಸಾಯ್ತಾವ, ತಮ್ಮವ್ರ ಮ್ಯಾಲೇ ಏರಿ ಹೋಗೋವೂ ಹೆಚ್ಚಿನಂಶ ಅಲ್ಲೇ ಮುಗೀತಾವ. ಈ ಗ್ರಂಥಿ ಕೆಲಸ ಏನು ಅಂತ 1961ರಾಗ ಜಾಕ್ ಮಿಲ್ಲರ್ ಅನ್ನೋ ವಿಜ್ಞಾನಿ ತೋರಿಸೋ ತನಕ ಅದಕ್ಕ ಬೆಲಿ ಇರ್ಲಿಲ್ಲ. ಕೂಸುಗಳಾಗ ಇದು ಸಹಜವಾಗೇ ದೊಡ್ಡದಿರ್ತದ, ಅದು ಗೊತ್ತಿಲ್ದ ಕಾಲಕ್ಕ ಅಮೆರಿಕದಂಥ ದೇಶದಾಗ ಥೈಮಸ್ ಬೆಳದದ ಅಂತ ಸಣ್ಣ ಕೂಸುಗಳಿಗಿ ಎಕ್ಸ್‌ರೇ ಕಿರಣ ಹಾಯಿಸಿದ್ರು, ದೊಡ್ಡವರಾದ ಮ್ಯಾಲ ಅವರಾಗ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಯ್ತು. ಸಹಜ ಯಾವುದು ಅಂತ ತಿಳೀದೆ ಮದ್ದು ಮಾಡಿದ್ರ ಎಷ್ಟು ಘಾತ ಆಗ್ತದ ಅನ್ನೋದಕ್ಕ ಇದನ್ನ ನಾ ಮರಿಯಲ್ಲ.

ಬಿ ಸೆಲ್, ಅಂದ್ರ ರೋಗಾಣುವಿಗಿ ಅಂಟಿ ತಡಿಯೋ ಆ್ಯಂಟಿಬಾಡಿ ಅನ್ನೋ ಪ್ರೋಟೀನ್ ತಯಾರಿಸೋವು, ಇವುಗಳ ಹೆಸರಿನಾಗಿನ ‘ಬಿ’ ಕೋಳಿಯಿಂದ ಬಂದದ. ಕೋಳಿ ಹಿಂಭಾಗದಾಗ ಬರ್ಸಾ ಅಂತ ಒಂದು ಸಣ್ಣ ಚೀಲ ಅದ, ಅದನ್ನ ತಗದ್ರ ಕೋಳಿಗಿ ಆ್ಯಂಟಿಬಾಡಿ ಆಗಂಗಿಲ್ಲ ಅಂತ ಬ್ರೂಸ್ ಗ್ಲಿಕ್ ಅನ್ನೋ ವಿದ್ಯಾರ್ಥಿ ಕಂಡ, 1956ರಾಗ ಕೋಳಿ ಸಾಕಣಿಯ ಪತ್ರಿಕೆಯಾಗ ಅದು ಅಚ್ಚಾಯ್ತು. ಕೋಳಿ ಫಾರ್ಮ್ ಮಾಡಿದವ್ರಿಗಿ ಗಂಬೋರೋ ರೋಗ ಗೊತ್ತಿರ್ತದ, ಮರಿಗಳಿಗಿ ಅದರ ಲಸಿಕಿ ತಪ್ಪಿಸಬ್ಯಾಡ್ರಿ ಅಂತಾರಲ್ಲ, ಆ ವೈರಸ್ ಹೊಡಿಯೋದು ಇದೇ ಬರ್ಸಾನ. ಅದು ಕೆಟ್ಟ ಮರಿಗಿ ಮುಂದ ಬಂದ ಬಂದ ರೋಗ ಎಲ್ಲಾ ಹತ್ತತಾವ. ನಮಗ ಬರ್ಸಾ ಇಲ್ಲ, ನಮ್ಮ ಬಿ ಸೆಲ್ ಮೊದ್ಲು ಲಿವರ್‌ನಾಗ, ಆಮೇಲೆ ಮಜ್ಜೆಯಾಗ ತಯಾರಾಗ್ತಾವ.

ಈಗ ಗುಳೆ ಹೋಗಿ ಅಲ್ಲೇ ಉಳಿದವ್ರ ಮಾತಿಗಿ ಬರೋಣ, ನನಗ ಎಲ್ಲಾಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ. ಮೈಯೊಳಗ ಎಲ್ಲಾ ಕಡಿ ಆಯಾ ಜಾಗದಾಗೇ ಬೀಡು ಬಿಟ್ಟ ಮ್ಯಾಕ್ರೋಫೇಜ್‌ಗಳು ಅವ: ಲಿವರ್‌ನಾಗ ಒಂದು ಥರ, ಪುಪ್ಪುಸದಾಗ ಒಂದು ಥರ, ಮೆದುಳಿನಾಗ ಮೈಕ್ರೋಗ್ಲಿಯಾ. ಭಾಳ ವರ್ಷ ಪುಸ್ತಕದಾಗ ಇದ್ದದ್ದು ಏನಂದ್ರ ಮಜ್ಜೆಯಾಗ ಹುಟ್ಟಿದ ಮೋನೋಸೈಟ್ ಅನ್ನೋ ಬಿಳಿ ಸೆಲ್ ರಕ್ತದಾಗ ಬಂದು ಅಲ್ಲಲ್ಲಿ ಇಳದು ಮ್ಯಾಕ್ರೋಫೇಜ್ ಆಗ್ತದ ಅಂತ. 2010ರಾಗ ಫ್ಲೋರಾಂ ಜಿನೂ, ಮಿರಿಯಮ್ ಮೆರಾದ್ ಮತ್ತವರ ಜೊತಿಯವ್ರು ಇಲಿಯಾಗ ಯೋಕ್ ಸ್ಯಾಕ್ ಸೆಲ್‌ಗಳಿಗಿ ಅಳಿಸದಂಥ ಗುರುತು ಹಾಕಿ, ಇಲಿ ದೊಡ್ಡದಾದ ಮ್ಯಾಲ ಆ ಗುರುತು ಎಲ್ಲಿ ಅದ ಅಂತ ಹುಡುಕಿದ್ರು. ಮೆದುಳಿನ ಮೈಕ್ರೋಗ್ಲಿಯಾದಾಗ ಸಿಕ್ತು. ಯೋಕ್ ಸ್ಯಾಕ್‌ನಿಂದ ಹೊಂಟ ಸೆಲ್‌ಗಳು ಮೆದುಳು ಇನ್ನೂ ಆಕಾರಕ್ಕ ಬರೋವಾಗಲೇ ಒಳಗ ಹೊಕ್ಕು ಅಲ್ಲೇ ಮನಿ ಮಾಡ್ಯಾವ, ಹಿಂದಿಂದ ರಕ್ತ ಮತ್ತ ಮೆದುಳಿನ ನಡುವ ಬೇಲಿ ಬಿದ್ದದ, ಮಜ್ಜೆ ಸೆಲ್‌ಗಳು ಸಹಜ ಸ್ಥಿತಿಯಾಗ ಅಲ್ಲಿಗಿ ಹೋಗಿ ಬೆರೆಯಂಗಿಲ್ಲ. ಒಳಗಿದ್ದವೇ ಹೆಚ್ಚಾಗ್ತಾ ಜೀವಮಾನ ಪೂರ್ತಿ ನಡಸ್ಕೊಂಡು ಹೋಗ್ತಾವ. ಹೊಸ ನರ ಜೋಡಣಿ ಆಗುವಾಗ ಬ್ಯಾಡಾದ ಜೋಡಣಿ ಕತ್ತರಿಸೋದು, ಸತ್ತ ಸೆಲ್ ತಗಿಯೋದು, ಪೆಟ್ಟು ಬಿದ್ದಲ್ಲಿ ಓಡಿ ಹೋಗೋದು, ಎಲ್ಲಾ ಅವೇ. ಇದನ್ನ ಓದ್ಲಿಕ್ಕತ್ತಿರೋ ನಿಮ್ಮ ಮೆದುಳಿನ ಕಾವಲಿನ ವಂಶ, ನಿಮ್ಮ ತಾಯಿಗಿ ನೀವು ಬರ್ತೀರಿ ಅಂತ ಖಾತ್ರಿ ಆಗೋ ಹೊತ್ತಿನಾಗ ಹುಟ್ಟಿದ್ದು.

ಎಲ್ಲಾ ಕಡಿ ಹಿಂಗೇ ಅಂತ ತಿಳೀಬ್ಯಾಡ್ರಿ. ಪುಪ್ಪುಸದ ಗಾಳಿಚೀಲದಾಗಿನವು ಹೆಚ್ಚಾಗಿ ಭ್ರೂಣದ ಲಿವರ್‌ನಿಂದ ಬಂದವು, ಕೂಸು ಹುಟ್ಟಿ ಉಸಿರಾಡಿದ ಸುಮಾರಿಗಿ ಕಾಯಂ ಆಗ್ತಾವ. ಕರುಳಿನಾಗಿನವು ಬಹಳಷ್ಟು ಬದಲಾಗ್ತಿರ್ತಾವ, ಮಜ್ಜೆಯಿಂದ ಹೊಸ ಮಂದಿ ಬರ್ತಾನೇ ಇರ್ತದ, ಊಟ, ರೋಗಾಣು, ಸದಾ ಗದ್ದಲ ಇರೋ ಜಾಗ ಅದು. ಈ ಊರಿನ ವ್ಯತ್ಯಾಸ ಬರೇ ಪುಸ್ತಕದ ಮಾತಲ್ಲ. ಮಜ್ಜೆ ಕಸಿ ಮಾಡಿಸ್ಕೊಂಡವ್ರ ರಕ್ತದ ಸೆಲ್ ಎಲ್ಲಾ ದಾನಿ ಕೊಟ್ಟ ಸ್ಟೆಮ್ ಸೆಲ್‌ನಿಂದ ಹೊಸದಾಗಿ ಬರ್ತಾವ, ಮೆದುಳಿನಾಗಿನ ಹಳೇವು ಮಾತ್ರ ಹೆಚ್ಚಿನಂಶ ಅವರವೇ ಉಳೀತಾವ. ಕೈ ಕಸಿ ಮಾಡಿಸ್ಕೊಂಡವ್ರಲ್ಲಿ ವರ್ಷಗಟ್ಟಲೆ ಆದ ಮ್ಯಾಲೂ ಆ ಕೈ ಚರ್ಮದೊಳಗಿನ ಕಾವಲು ಸೆಲ್ ದಾನಿಯವೇ ಇದ್ದದ್ದು ಕಂಡಾರ.

ಈ ಹೊತ್ತಿಗಿ ಅವ್ವ ಒಳಗಿಂದ ಬಂದು ಕೂತಿದ್ಲು. "ಎಲ್ಲಾ ಖರೆ ಇದ್ದೀತಪ್ಪ, ಆದ್ರ ಕೂಸಿಗಿ ಶಕ್ತಿ ತಾಯಿ ಕೊಡ್ತಾಳಲ್ಲ" ಅಂದ್ಲು. ಅವ್ವನ ಮಾತು ಸುಳ್ಳಲ್ಲ, ಎರಡು ಬ್ಯಾರೆ ಬ್ಯಾರೆ ವಸ್ತು ಅಷ್ಟೇ. ಸೆಲ್‌ಗಳು ಕೂಸಿನ ಸ್ವಂತದವು. ತಾಯಿ ಕೊಡೋದು ಆ್ಯಂಟಿಬಾಡಿ, ಕೈಗಡ ಇದ್ದಂಗ. ಕೊನಿ ಮೂರು ತಿಂಗಳಾಗ ಮಾಸು, ಅಂದ್ರ ಪ್ಲಾಸೆಂಟಾ, ಅದರ ಮೂಲಕ ಹೆಚ್ಚು ದಾಟ್ತಾವ, ಹುಟ್ಟಿದ ಮ್ಯಾಲ ಕೆಲವು ತಿಂಗಳು ಇದ್ದು ಕರಗಿ ಹೋಗ್ತಾವ. ದಿನ ತುಂಬೋಕಿಂತ ಭಾಳ ಮೊದ್ಲು ಹುಟ್ಟಿದ ಕೂಸಿಗಿ ಈ ಕೈಗಡ ಕಮ್ಮಿ ಸಿಕ್ಕಿರ್ತದ. ಬಸುರಿದ್ದಾಗ ಟಿಡಿ ಇಂಜೆಕ್ಷನ್ ಕೊಡೋದು ಕೂಸಿಗಿ ಧನುರ್ವಾಯು ವಿರುದ್ಧದ ಆ್ಯಂಟಿಬಾಡಿ ಮುಟ್ಟಲಿ ಅಂತ. ಮೊದಲ ದಿನದ ಹಳದಿ ಹಾಲು ಹಿಂಡಿ ಚೆಲ್ಲೋ ಪದ್ಧತಿ ನಮ್ಮ ಕಡಿ ಕೆಲವು ಮನ್ಯಾಗ ಇನ್ನೂ ಅದ, ಆ ಹಾಲಿನಾಗೂ ಆ್ಯಂಟಿಬಾಡಿ ತುಂಬಿರ್ತಾವ, ಒಂದು ಹನಿ ಚೆಲ್ಲಬ್ಯಾಡ್ರಿ. ಹುಟ್ಟಿದ ತಕ್ಷಣ ಬಿಸಿಜಿ ಲಸಿಕಿ ಹಾಕೋದು ಕೂಸಿನ ಸ್ವಂತ ಸೆಲ್‌ಗಳಿಗಿ ಕಲಿಸೋಕ, ಯಾಕಂದ್ರ ಕಲಿಯೋ ಸೆಲ್‌ಗಳು ಹುಟ್ಟೋಕಿಂತ ತಿಂಗಳುಗಟ್ಟಲೆ ಮೊದಲಿಂದಲೇ ಕೂಸಿನ ಮೈಯಾಗ ತಯಾರಾಗ್ತಾ ಬಂದಿರ್ತಾವ.

ಅವ್ವಗ ಇನ್ನೊಂದು ಹೇಳ್ದೆ, ದೇವಣಿ ಆಕಳದ ಕತೆ. ಬೀದರ್ ಕಡಿ ದೇವಣಿ ಸಾಕೋರು, ಅಲ್ಲಷ್ಟೇ ಅಲ್ಲ ದನ ಸಾಕೋ ಎಲ್ಲಾರೂ ಬಲ್ಲದ್ದು, ಅವಳಿ ಕರುದಾಗ ಒಂದು ಹೋರಿ ಒಂದು ಹೆಣ್ಣು ಇದ್ರ ಆ ಹೆಣ್ಣು ಗರು ಬಹುತೇಕ ಗೊಡ್ಡಾಗ್ತದ. ಕಾರಣ, ಹೊಟ್ಟ್ಯಾಗ ಎರಡರ ರಕ್ತನಾಳ ಕೂಡಿರ್ತಾವ, ಹೋರಿ ಕರುದ ಹಾರ್ಮೋನು ಹೆಣ್ಣಿಗಿ ಹರೀತದ. ನಾಳ ಕೂಡಿದ್ರ ಸ್ಟೆಮ್ ಸೆಲ್ಲೂ ದಾಟಬೇಕಲ್ಲ? 1945ರಾಗ ಅಮೆರಿಕದ ವಿಸ್ಕಾನ್ಸಿನ್‌ದಾಗ ರೇ ಓವೆನ್ ಅವಳಿ ದನಗಳ ರಕ್ತ ನೋಡಿ ತೋರಿಸಿದ್ದು ಅದನ್ನೇ, ಒಂದೊಂದರ ಮೈಯಾಗ ಎರಡು ಗುಂಪಿನ ರಕ್ತ, ದೊಡ್ಡವಾದ ಮ್ಯಾಲೂ. ಪರರ ಸೆಲ್ ಒಳಗಿದ್ರೂ ಮೈ ಜಗಳ ತಗೀಲಿಲ್ಲ. ಕಾವಲು ಸೆಲ್‌ಗಳು ಕಲಿಯೋ ಕಾಲಕ್ಕ ಯಾರು ಕಣ್ಣ ಮುಂದ ಇರ್ತಾರೋ ಅವ್ರನ್ನ ತಮ್ಮವ್ರು ಅಂತ ಹಿಡೀತಾವ ಅನ್ನೋ ವಿಚಾರಕ್ಕ ಈ ದನಗಳೇ ಬುನಾದಿ, ಬರ್ನೆಟ್ ಮತ್ತ ಮೆಡಾವರ್ ಅನ್ನೋ ವಿಜ್ಞಾನಿಗಳು ಅದರ ಮ್ಯಾಲ ಕಟ್ಟಿದ ಕೆಲಸಕ್ಕ 1960ರಾಗ ನೊಬೆಲ್ ಬಂತು. ಅವ್ವ ಸುಮ್ನೆ ಕೇಳ್ಕೊಂಡು, "ಗೊಡ್ಡಾಗ್ತದ ಅಂತ ನಮ್ಮಪ್ಪಾನೂ ಅಂತಿದ್ದ" ಅಂದು ಎದ್ಲು.

ಹೊಕ್ಕುಳ ಬಳ್ಳಿ ರಕ್ತದ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಟ್ಟೋ ಹೊತ್ತಿಗ ಕೂಸಿನ ಬಳ್ಳಿ ರಕ್ತದಾಗ ಈ ಸ್ಟೆಮ್ ಸೆಲ್‌ಗಳು ಇನ್ನೂ ತಿರುಗಾಡ್ತಿರ್ತಾವ, ಅದನ್ನ ಕಸಿಗಿ ಬಳಸಬಹುದು, ಮೊದಲ ಸಲ 1988ರಾಗ ಪ್ಯಾರಿಸ್‌ದಾಗ ಒಬ್ಬ ಹುಡುಗಗ ಅವನ ತಂಗಿ ಬಳ್ಳಿ ರಕ್ತ ಹಾಕಿದ್ರು. ಇದು ಖರೆ. ಆದ್ರ ತಂಗಿ ಸ್ಕ್ಯಾನಿಂಗ್‌ಗೆ ಹೋದ ಜಾಗದಾಗೇ ಒಬ್ಬ ಏಜೆಂಟ್ ಕೂತು, ಕೂಸಿನ ಬಳ್ಳಿ ರಕ್ತ ದುಡ್ಡು ಕೊಟ್ಟು ಇಡಿಸಿದ್ರ ಅದಕ್ಕ ಮುಂದ ಯಾವ ರೋಗ ಬಂದ್ರೂ ಪರಿಹಾರ ಅಂತ ಹೆದರಿಸಿ ಫಾರ್ಮ್ ಕೈಗಿ ಕೊಟ್ಟಿದ್ದ. ನನಗ ಸಿಟ್ಟು ಬಂತು. ಸ್ವಂತಕ್ಕ ಮುಂದ ಬೇಕಾದೀತು ಅಂತ ಇಡೋದಕ್ಕ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್‌ನವ್ರೇ ಹೇಳ್ಯಾರ. ಇನ್ನೊಂದು ವಿಚಾರ, ಸಣ್ಣ ಮಕ್ಕಳಿಗಿ ಬರೋ ರಕ್ತದ ಕ್ಯಾನ್ಸರ್‌ನ ಮೊದಲ ತಪ್ಪು ಎಷ್ಟೋ ಸಲ ಹೊಟ್ಟ್ಯಾಗಿದ್ದಾಗಲೇ ಆಗಿರ್ತದ, ಹುಟ್ಟಿದಾಗ ಹಿಮ್ಮಡಿಯಿಂದ ತಗದಿಟ್ಟ ರಕ್ತದ ಹನಿಯಾಗ ಅದನ್ನ ಕಂಡಾರ, ಅಂಥ ಕೂಸಿಗಿ ಅದೇ ಬಳ್ಳಿ ರಕ್ತ ಹೊಳ್ಳಿ ಹಾಕಿದ್ರ ಏನ್ ಉಪಯೋಗ? ಬಳ್ಳಿ ರಕ್ತ ಎಲ್ಲಾರಿಗೂ ಸಿಗೋ ಸಾರ್ವಜನಿಕ ಬ್ಯಾಂಕಿಗಿ ದಾನ ಕೊಡೋದು ಬ್ಯಾರೆ, ಮನ್ಯಾಗ ಈಗಾಗ್ಲೇ ಕಸಿ ಬೇಕಾದ ಅಣ್ಣ ಅಕ್ಕ ಇದ್ರ ಅದೂ ಬ್ಯಾರೆ. ತಂಗಿ ಗಂಡಗ ಫೋನ್ ಹಚ್ಚಿ, ಆ ದುಡ್ಡು ಬಾಣಂತನಕ್ಕ ಇಡ್ರಿ ಅಂತ ಹೇಳ್ದೆ.

ಮೊನ್ನೆ ಹನ್ನೆರಡನೇ ವಾರದ ಸ್ಕ್ಯಾನಿಂಗ್ ಆಯ್ತು. ರಿಪೋರ್ಟ್ ಫೋಟೋ ತಗದು ವಾಟ್ಸಾಪ್‌ನಾಗ ಕಳಿಸಿದ್ಲು, ಹಿಂದೇ ಫೋನೂ ಬಂತು. ತಲಿ ಅದ, ಕೈಕಾಲು ಅವ, ಎದಿ ಬಡಿತ ಛಲೋ ಅದ, ಎಲ್ಲಾ ಓದಿ ಹೇಳಿ, "ಅಣ್ಣಾ, ಈ ಸಲ ಯೋಕ್ ಸ್ಯಾಕ್ ಅಂತ ಬರದೇ ಇಲ್ಲಲ್ಲ?" ಅಂದ್ಲು. ಅದು ಈ ಹೊತ್ತಿಗಿ ಕರಗಿ ಹೋಗ್ತದ ತಂಗಿ, ಅಲ್ಲಿಂದ ಹೊಂಟವು ಆಗಲೇ ಕೂಸಿನ ತಲ್ಯಾಗ, ಲಿವರ್‌ನಾಗ ಹೋಗಿ ಮುಟ್ಟ್ಯಾವ ಅಂತ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು, ಆಮೇಲೆ ಅವ್ವಗ ಫೋನ್ ಕೊಡು ಅಂದ್ಲು.